ದಾಸ್ಯವಿಮೋಚನೆ ಮತ್ತು ಅಮೆರಿಕದ ಸಂವಿಧಾನ

ಕ್ರಿ.ಶ. 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸಭೆ ಸೇರಿದ ಮುತ್ಸದ್ದಿಗಳು ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ಒಂದು ಸಂವಿಧಾನವನ್ನು ರಚಿಸಿದರು. ಆ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಅದರಲ್ಲಿ 'ಗುಲಾಮ' ಎಂಬ ಮಾತು ದೊರೆಯುವುದಿಲ್ಲ. ಆದರೆ ಗುಲಾಮಗಿರಿ ಅದರಲ್ಲಿ ಮೂರು ಕಡೆ ಅಡಗಿ ಕುಳಿತಿದೆ. ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಸ್ವತಂತ್ರರನ್ನು ಪೂರ್ಣವಾಗಿ ಎಣಿಸಿ, 'ಇತರ ವ್ಯಕ್ತಿ'ಗಳಲ್ಲಿ ಐದರಲ್ಲಿ ಮೂರು ಪಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕೆಂಬುದು ಒಂದು ಕಡೆ. ಕೆಲವು ರಾಜ್ಯಗಳು ಬರಮಾಡಿಕೊಳ್ಳಲು ಇಚ್ಛಿಸುವ 'ವ್ಯಕ್ತಿಗಳ' ಆಮದನ್ನು 1808ಕ್ಕೆ ಮೊದಲು ಕಾಂಗ್ರೆಸ್ ನಿಷೇಧಿಸಲಾಗದೆಂಬುದು ಮತ್ತೊಂದು ಕಡೆ. ಒಂದು ರಾಜ್ಯದಲ್ಲಿ ಸೇವೆಗೆ ಬದ್ಧನಾದವನು ಇನ್ನೊಂದು ರಾಜ್ಯಕ್ಕೆ ಓಡಿಹೋದರೆ ಅವನನ್ನು ಕೇಳಿದವರಿಗೆ ಒಪ್ಪಿಸತಕ್ಕದ್ದೆಂಬುದು ಮೂರನೆಯದು. ಮನುಷ್ಯನು ಮನುಷ್ಯನ ಸ್ವತ್ತಾಗಬಹುದೆಂಬ ಭಾವನೆಗೆ ಸಂವಿಧಾನದಲ್ಲಿ ಎಡೆಗೊಡುವುದು ಸರಿಯಲ್ಲವೆಂದು ಜೇಮ್ಸ್ ಮ್ಯಾಡಿಸನ್ನನು ಆ ಸಭೆಯಲ್ಲಿ ಹೇಳಿದನು. ಹೀಗೆ ಹೇಳಿದ ಮ್ಯಾಡಿಸನ್ನನೇ ವರ್ಜಿನಿಯಾದಲ್ಲಿ ಗುಲಾಮರ ಒಡೆಯನಾಗಿದ್ದನು. ಹೆಸರು ಹೇಳಲು ನಾಚಿಕೊಂಡರು, ಇಟ್ಟುಕೊಳ್ಳಲು ನಾಚಿಕೊಳ್ಳಲಿಲ್ಲ.

ಕನ್ನಡದಲ್ಲಿ ತೊತ್ತು, ಆಳು, ಜೀತ, ಊಳಿಗ ಎಂಬ ಮಾತುಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಅರ್ಥಚ್ಛಾಯೆಗಳಿವೆ. ಅಮೆರಿಕದ ಗುಲಾಮಗಿರಿ ಇವು ಯಾವುವಕ್ಕೂ ಸರಿಯಾಗಿ ಹೊಂದುವುದಿಲ್ಲ. ಅಲ್ಲಿ ಮನುಷ್ಯನು ಕಾಯಿದೆಯ ದೃಷ್ಟಿಯಲ್ಲಿ ಚರಸ್ವತ್ತು. ಅವನನ್ನು ಮಾರಬಹುದು, ಒತ್ತೆ ಇಡಬಹುದು, ಮರಣಶಾಸನದಲ್ಲಿ ಮಕ್ಕಳಿಗೆ ಹಂಚಬಹುದು. ತಾಯಿ ಗುಲಾಮಳಾದರೆ ಮಗುವೂ ಹುಟ್ಟಿನಿಂದಲೇ ಗುಲಾಮ. 1860ರ ಜನಗಣತಿಯಂತೆ ಇಂತಹವರ ಸಂಖ್ಯೆ ಸುಮಾರು 39 ಲಕ್ಷ 50 ಸಾವಿರ. ಆಗಿನ ಅಮೆರಿಕದ ಒಟ್ಟು ಜನಸಂಖ್ಯೆ ಸುಮಾರು 3 ಕೋಟಿ 14 ಲಕ್ಷ. ಎಂದರೆ ಎಂಟು ಜನರಲ್ಲಿ ಒಬ್ಬನು ಇನ್ನೊಬ್ಬನ ಸ್ವತ್ತಾಗಿದ್ದನು.

ಇದನ್ನು ಸಂವಿಧಾನದ ದಾರಿಯಿಂದ ತೊಡೆದುಹಾಕುವುದು ಸಾಧ್ಯವಿತ್ತೆ? ಸಂವಿಧಾನದ ಐದನೆಯ ವಿಧಿಯಂತೆ ಕಾಂಗ್ರೆಸ್ಸು ತಿದ್ದುಪಡಿಯೊಂದನ್ನು ಸೂಚಿಸಬೇಕಾದರೆ ಸೆನೆಟ್ ಮತ್ತು ಪ್ರತಿನಿಧಿ ಸಭೆ ಎರಡರಲ್ಲಿಯೂ ಮೂರರಲ್ಲಿ ಎರಡು ಪಾಲು ಮತ ಬೇಕು; ಬಳಿಕ ರಾಜ್ಯಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಅದನ್ನು ಅನುಮೋದಿಸಬೇಕು. 1860ರಲ್ಲಿ ಗುಲಾಮಗಿರಿಯುಳ್ಳ ರಾಜ್ಯಗಳು 15. ಈ ಹದಿನೈದೂ ಒಟ್ಟಾಗಿ ವಿರೋಧಿಸಿದರೆ, ಅವನ್ನು ಮೀರಿಸಲು 45 ಸ್ವತಂತ್ರ ರಾಜ್ಯಗಳು ಬೇಕು; ಒಟ್ಟು ರಾಜ್ಯಗಳು 60 ಆಗಬೇಕು. ಆಗ ಇದ್ದುವು 33. ಇಂದಿಗೂ ಅಲ್ಲಿರುವುವು ಐವತ್ತೇ. ಗಣಿತದ ಬಲದಿಂದಲೇ ಆ ಬಾಗಿಲು ಮುಚ್ಚಿತ್ತೆಂಬುದನ್ನು ಗಮನಿಸಿದರೆ, ಗುಲಾಮಗಿರಿಯ ವಿರೋಧಿಗಳಲ್ಲಿ ಬಹುಮಂದಿ ತಿದ್ದುಪಡಿಯ ಮಾತನ್ನೇ ಏಕೆ ಎತ್ತಲಿಲ್ಲವೆಂಬುದು ತಿಳಿಯುತ್ತದೆ.

ಆ ವಿರೋಧಿಗಳಲ್ಲಿ ಸಂವಿಧಾನದ ಅರ್ಥದ ಬಗೆಗೆ ಎರಡು ಪಕ್ಷಗಳಿದ್ದುವು. 1831ರಲ್ಲಿ ಬಾಸ್ಟನ್ನಿನಲ್ಲಿ 'ಲಿಬರೇಟರ್' ಪತ್ರಿಕೆಯನ್ನು ಆರಂಭಿಸಿದ ವಿಲಿಯಂ ಲಾಯ್ಡ್ ಗ್ಯಾರಿಸನ್ನನು ಸಂವಿಧಾನವೆಂಬುದು ಒಡೆಯರೊಡನೆ ಮಾಡಿಕೊಂಡ ಪಾಪದ ಒಪ್ಪಂದವೆಂದು ಸಾರಿದನು. 1854ರ ಜುಲೈ 4ರಂದು, ದೇಶದ ಸ್ವಾತಂತ್ರ್ಯದಿನದಂದೇ, ಮ್ಯಾಸಚುಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮಿನಲ್ಲಿ ಕೂಡಿದ ಸಭೆಯ ಮುಂದೆ ಅದರ ಪ್ರತಿಯೊಂದನ್ನು ಸುಟ್ಟನು. ಇನ್ನೊಂದು ಪಕ್ಷವನ್ನು ಹಿಡಿದವನು ಫ್ರೆಡರಿಕ್ ಡಗ್ಲಾಸ್. ಇವನು ಮೇರಿಲೆಂಡಿನಲ್ಲಿ ಗುಲಾಮನಾಗಿ ಹುಟ್ಟಿ, ಕದ್ದು ಅಕ್ಷರ ಕಲಿತು, 1838ರಲ್ಲಿ ತಪ್ಪಿಸಿಕೊಂಡು ಬಂದವನು. ಮೊದಲು ಗ್ಯಾರಿಸನ್ನನ ಅನುಯಾಯಿ. 1851ರಲ್ಲಿ ಅವನು ಗುರುವಿನ ಮತವನ್ನು ಬಹಿರಂಗವಾಗಿ ಬಿಟ್ಟನು. ಸಂವಿಧಾನದಲ್ಲಿ ಗುಲಾಮನೆಂಬ ಮಾತಿಲ್ಲ. ನ್ಯಾಯವನ್ನು ಸ್ಥಾಪಿಸುವುದೂ ಸ್ವಾತಂತ್ರ್ಯದ ಫಲವನ್ನು ಕಾಯುವುದೂ ತನ್ನ ಉದ್ದೇಶವೆಂದು ಅದರ ಪೀಠಿಕೆ ಹೇಳುತ್ತದೆ. ಬರೆದವರ ಮನಸ್ಸಿನಲ್ಲಿದ್ದ ಗುಟ್ಟಿಗೆ ಓದುಗನೇಕೆ ಬದ್ಧನಾಗಬೇಕು, ಬರೆದ ಮಾತನ್ನೇ ಹಿಡಿದು ಅದನ್ನು ಸ್ವಾತಂತ್ರ್ಯದ ಪರವಾಗಿ ಓದಬಹುದಲ್ಲ ಎಂಬುದು ಅವನ ವಾದ.

ಪ್ರಾಚೀನ ಗ್ರಂಥಗಳನ್ನು ಓದುವವರಿಗೆ ಈ ವಿವಾದ ಅಪರಿಚಿತವೇನಲ್ಲ. ಇತಿಹಾಸದ ದೃಷ್ಟಿಯಿಂದ ಗ್ಯಾರಿಸನ್ನನ ಓದೇ ಹೆಚ್ಚು ಪ್ರಾಮಾಣಿಕ. ರಚನಕಾರರು ಏನನ್ನು ಉದ್ದೇಶಿಸಿದ್ದರೆಂಬುದರಲ್ಲಿ ಸಂದೇಹಕ್ಕೆ ಹೆಚ್ಚು ಎಡೆಯಿಲ್ಲ. ಆದರೆ ಕಾರ್ಯದ ದೃಷ್ಟಿಯಿಂದ ಡಗ್ಲಾಸನ ಓದೇ ಮುಂದಿನ ದಾರಿಯನ್ನು ತೆರೆಯಿತೆನ್ನಬೇಕು. ಸುಟ್ಟ ಪುಸ್ತಕವನ್ನು ತಿದ್ದುವುದು ಶಕ್ಯವಿಲ್ಲ.

1857ರಲ್ಲಿ ಸರ್ವೋಚ್ಚ ನ್ಯಾಯಾಲಯವು ಡ್ರೆಡ್ ಸ್ಕಾಟ್ ಎಂಬ ಗುಲಾಮನು ಸ್ವಾತಂತ್ರ್ಯವನ್ನು ಬೇಡಿ ಹೂಡಿದ್ದ ದಾವೆಯನ್ನು ತಳ್ಳಿಹಾಕಿತು. ಆಫ್ರಿಕ ಮೂಲದವನು ಅಮೆರಿಕದ ಪ್ರಜೆಯಾಗಲಾರನೆಂದೂ, ಹೊಸ ಪ್ರಾಂತಗಳಲ್ಲಿ ಗುಲಾಮಗಿರಿಯನ್ನು ತಡೆಯುವ ಅಧಿಕಾರ ಕಾಂಗ್ರೆಸ್ಸಿಗಿಲ್ಲವೆಂದೂ ಮುಖ್ಯ ನ್ಯಾಯಾಧೀಶ ರಾಜರ್ ಟೇನಿಯ ತೀರ್ಪು ಸಾರಿತು. ಒಂಬತ್ತು ನ್ಯಾಯಾಧೀಶರಲ್ಲಿ ಏಳು ಮಂದಿ ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಡಗ್ಲಾಸನ ಓದಿಗೆ ನ್ಯಾಯಾಲಯದಲ್ಲಿ ಸ್ಥಳವಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಮುಂದಿನ ಘಟನೆಯನ್ನು ಸಾಮಾನ್ಯವಾಗಿ ಪಠ್ಯಪುಸ್ತಕಗಳು ಹೇಳುವುದಿಲ್ಲ. 1860ರ ಕೊನೆಯಲ್ಲಿ ಅಬ್ರಹಾಂ ಲಿಂಕನ್ನನು ಅಧ್ಯಕ್ಷನಾಗಿ ಚುನಾಯಿತನಾದ ಮೇಲೆ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟದಿಂದ ಹೊರಬೀಳತೊಡಗಿದುವು. ಅವನ್ನು ಸಮಾಧಾನಪಡಿಸಲು ಕಾಂಗ್ರೆಸ್ಸು 1861ರಲ್ಲಿ ಒಂದು ತಿದ್ದುಪಡಿಯನ್ನು ಅಂಗೀಕರಿಸಿತು. ಫೆಬ್ರವರಿ 28ರಂದು ಪ್ರತಿನಿಧಿ ಸಭೆಯಲ್ಲಿ 133ಕ್ಕೆ 65, ಮಾರ್ಚಿ 2ರಂದು ಸೆನೆಟ್ಟಿನಲ್ಲಿ 24ಕ್ಕೆ 12 ಮತಗಳಿಂದ ಅದು ಗೆದ್ದಿತು. ರಾಜ್ಯಗಳೊಳಗಿನ ಗುಲಾಮಗಿರಿಯಲ್ಲಿ ಕೈಹಾಕುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಡುವ ಯಾವ ತಿದ್ದುಪಡಿಯನ್ನೂ ಎಂದೆಂದಿಗೂ ಮಾಡಕೂಡದೆಂಬುದು ಅದರ ತಾತ್ಪರ್ಯ. ಮಂಡಿಸಿದ ಓಹೈಯೋದ ಥಾಮಸ್ ಕಾರ್ವಿನ್ನನ ಹೆಸರಿನಿಂದ ಅದನ್ನು ಕರೆಯುತ್ತಾರೆ. ಮಾರ್ಚಿ 4ರಂದು ಅಧಿಕಾರ ಸ್ವೀಕರಿಸಿದ ಲಿಂಕನ್ನನು ತನ್ನ ಭಾಷಣದಲ್ಲಿ ಅದಕ್ಕೆ ತನ್ನ ಆಕ್ಷೇಪವಿಲ್ಲವೆಂದನು. ಯುದ್ಧವು ಇನ್ನೊಂದು ವರ್ಷ ತಡವಾಗಿದ್ದರೆ, ಅಮೆರಿಕದ ಹದಿಮೂರನೆಯ ತಿದ್ದುಪಡಿಯು ಗುಲಾಮಗಿರಿಗೆ ಶಾಶ್ವತ ರಕ್ಷಣೆಯನ್ನು ಕೊಡುವ ತಿದ್ದುಪಡಿಯೇ ಆಗಿಬಿಡುವ ಸಂಭವವಿತ್ತು. ನಾಲ್ಕು ವರ್ಷಗಳೊಳಗೆ ಅದೇ ಅಂಕೆಯನ್ನು ಹೊತ್ತ ತಿದ್ದುಪಡಿ ಅದಕ್ಕೆ ನೇರ ವಿರುದ್ಧವಾದುದಾಯಿತು. ಮಹಾಪುರುಷರ ಜೀವನವನ್ನು ಬರೆಯುವವರು ಇಂತಹ ಸಂಗತಿಗಳನ್ನು ಮರೆಮಾಡುವುದುಂಟು. ಲಿಂಕನ್ನನು ಎಲ್ಲಿಂದ ಎಲ್ಲಿಗೆ ನಡೆದನೆಂಬುದನ್ನು ತಿಳಿಯಬೇಕಾದರೆ ಅವನು ಹೊರಟ ಸ್ಥಳವನ್ನು ಮುಚ್ಚಿಡಬಾರದು.

ಈ ಪರಿವರ್ತನೆಯ ಮೂಲವನ್ನು ವಾಷಿಂಗ್ಟನ್ನಿನ ಸಭಾಭವನದಲ್ಲಿ ಮಾತ್ರ ಹುಡುಕಿದರೆ ಸಾಲದು. 1861ರ ಮೇ ತಿಂಗಳಲ್ಲಿ, ಯುದ್ಧ ಆರಂಭವಾಗಿ ಕೆಲವೇ ವಾರಗಳಾಗಿದ್ದಾಗ, ಫ್ರ್ಯಾಂಕ್ ಬೇಕರ್, ಶೆಪರ್ಡ್ ಮೆಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರು ರಾತ್ರಿ ದೋಣಿಯೇರಿ ವರ್ಜಿನಿಯಾದ ಮನ್ರೋ ಕೋಟೆಗೆ ಬಂದು ಉತ್ತರದ ಸೈನ್ಯದ ಆಶ್ರಯ ಬೇಡಿದರು. ಅವರ ಒಡೆಯನ ಕಡೆಯವನು ಬಂದು, ಓಡಿಹೋದವರನ್ನು ಒಪ್ಪಿಸುವ ಕಾಯಿದೆಯಂತೆ ಅವರನ್ನು ಕೊಡಬೇಕೆಂದನು. ವಕೀಲನೂ ಆಗಿದ್ದ ಸೇನಾಪತಿ ಬಟ್ಲರನು, ನಿಮ್ಮ ರಾಜ್ಯವು ಒಕ್ಕೂಟವನ್ನು ಬಿಟ್ಟಿರುವಾಗ ಒಕ್ಕೂಟದ ಕಾಯಿದೆಯನ್ನು ನೀವು ಕೇಳುವುದೆಂತು ಎಂದು, ಅವರನ್ನು ಯುದ್ಧದಲ್ಲಿ ವಶಪಡಿಸಿಕೊಂಡ ಶತ್ರುಸ್ವತ್ತೆಂದು ಇರಿಸಿಕೊಂಡನು. ಮೂವರ ಹಿಂದೆ ನೂರಾರು ಮಂದಿ, ಬಳಿಕ ಸಾವಿರಾರು ಮಂದಿ ಬಂದರು. ಯುದ್ಧ ಮುಗಿಯುವ ವೇಳೆಗೆ ಸುಮಾರು 1 ಲಕ್ಷ 80 ಸಾವಿರ ಕಪ್ಪು ಜನರು ಉತ್ತರದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದರು. ಕಾಂಗ್ರೆಸ್ಸಿನ ಮುಂದೆ ಪ್ರಶ್ನೆಯನ್ನು ತಂದು ನಿಲ್ಲಿಸಿದವರು ಇವರು.

1863ರ ಜನವರಿ 1ರ ಲಿಂಕನ್ನನ ವಿಮೋಚನಾ ಘೋಷಣೆಯು ಜಗತ್ಪ್ರಸಿದ್ಧವಾಗಿದೆ. ಅದರಿಂದಲೇ ಗುಲಾಮಗಿರಿ ಮುಗಿಯಿತೆಂಬ ತಿಳಿವಳಿಕೆ ನಮ್ಮಲ್ಲಿಯೂ ಬೇರೂರಿದೆ, ಅದು ಸರಿಯಲ್ಲ. ಸೇನಾಧಿಪತಿಯಾಗಿ ಯುದ್ಧದ ಅಗತ್ಯಕ್ಕಾಗಿ ಹೊರಡಿಸಿದ ಆ ಘೋಷಣೆ ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿತು. ಒಕ್ಕೂಟದಲ್ಲಿಯೇ ಉಳಿದಿದ್ದ ಡೆಲವೇರ್, ಮೇರಿಲೆಂಡ್, ಕೆಂಟಕಿ, ಮಿಸೌರಿಗಳನ್ನು ಅದು ಮುಟ್ಟಲಿಲ್ಲ. ಟೆನೆಸ್ಸಿಯನ್ನೂ, ಲೂಯಿಸಿಯಾನ ಮತ್ತು ವರ್ಜಿನಿಯಾಗಳ ಕೆಲವು ಭಾಗಗಳನ್ನೂ ಬಿಟ್ಟಿತ್ತು. ಯುದ್ಧ ಮುಗಿದ ಮೇಲೆ ನ್ಯಾಯಾಲಯವು ಅದನ್ನು ಮನ್ನಿಸುವುದೆ ಎಂಬ ಭಯವೂ ಇತ್ತು. ಘೋಷಣೆಯಿಂದ ಬಿಡುಗಡೆಯಾದವನು ಶಾಂತಿಯ ಮರುದಿನ ಮತ್ತೆ ಸಂಕೋಲೆಗೆ ಬೀಳಬಹುದೆಂಬ ಈ ಭಯವೇ ಸಂವಿಧಾನದ ತಿದ್ದುಪಡಿಯನ್ನು ಅನಿವಾರ್ಯವಾಗಿಸಿತು. ದಕ್ಷಿಣದ ರಾಜ್ಯಗಳ ಪ್ರತಿನಿಧಿಗಳು ಸಭೆಯನ್ನು ಬಿಟ್ಟುಹೋಗಿದ್ದರಿಂದ, ಗಣಿತವು ಮುಚ್ಚಿದ್ದ ಬಾಗಿಲು ಮೊದಲ ಬಾರಿಗೆ ಸ್ವಲ್ಪ ತೆರೆದಿತ್ತು.

ಮತದ ಹಕ್ಕೇ ಇಲ್ಲದಿದ್ದ ಸ್ತ್ರೀಯರು ಈ ಸಂದರ್ಭದಲ್ಲಿ ಮಾಡಿದ ಕೆಲಸ ಸ್ಮರಣೀಯವಾದುದು. ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಮತ್ತು ಸೂಸನ್ ಆಂಟನಿ ಎಂಬ ಮಹಿಳೆಯರು 1863ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸಂಘವನ್ನು ಕಟ್ಟಿ ಮನೆಮನೆಯಿಂದ ರುಜುಗಳನ್ನು ಕೂಡಿಸತೊಡಗಿದರು. 1864ರ ಫೆಬ್ರವರಿ 9ರಂದು ಒಂದು ಲಕ್ಷ ರುಜುಗಳ ಮನವಿಯ ಸುರುಳಿಗಳನ್ನು ಇಬ್ಬರು ಕಪ್ಪು ಜನರು ಹೊತ್ತು ತಂದು ಸೆನೆಟ್ಟಿನಲ್ಲಿ ಚಾರ್ಲ್ಸ್ ಸಮ್ನರನ ಮೇಜಿನ ಮೇಲಿಟ್ಟರು. ಮುಂದೆ ರುಜುಗಳ ಸಂಖ್ಯೆ ನಾಲ್ಕು ಲಕ್ಷಕ್ಕೆ ಸಮೀಪಿಸಿತು.

ತಿದ್ದುಪಡಿಯ ಕರಡುಗಳು ಹಲವು ಬಂದುವು. ಪ್ರತಿನಿಧಿ ಸಭೆಯಲ್ಲಿ ಓಹೈಯೋದ ಜೇಮ್ಸ್ ಆಶ್ಲಿ 1863ರ ಡಿಸೆಂಬರಿನಲ್ಲಿ ಒಂದನ್ನು ಮಂಡಿಸಿದನು. ಸೆನೆಟ್ಟಿನಲ್ಲಿ 1864ರ ಜನವರಿಯಲ್ಲಿ ಮಂಡಿಸಿದವನು ಜಾನ್ ಹೆಂಡರ್ಸನ್. ಇವನು ಗುಲಾಮಗಿರಿಯಿದ್ದ ಮಿಸೌರಿಯವನೆಂಬುದು ವಿಶೇಷ. ಸಮ್ನರನು ಫ್ರೆಂಚ್ ಕ್ರಾಂತಿಯ ಹಕ್ಕುಗಳ ಘೋಷಣೆಯನ್ನು ಅನುಸರಿಸಿ, ಎಲ್ಲರೂ ಕಾಯಿದೆಯ ಮುಂದೆ ಸಮಾನರು, ಆದಕಾರಣ ಒಬ್ಬನು ಇನ್ನೊಬ್ಬನನ್ನು ಗುಲಾಮನಾಗಿ ಇಟ್ಟುಕೊಳ್ಳಲಾಗದು ಎಂಬ ಅರ್ಥದ ಮಾತನ್ನು ಸೂಚಿಸಿದನು. ಇಲಿನಾಯ್ಸ್ ರಾಜ್ಯದ ಲೈಮನ್ ಟ್ರಂಬುಲ್ಲನ ನ್ಯಾಯಾಂಗ ಸಮಿತಿ ಇದನ್ನು ಒಪ್ಪಲಿಲ್ಲ. ಅಮೆರಿಕದ ಕಿವಿಗೆ ಪರಿಚಿತವಾದ ಮಾತೇ ಲೇಸೆಂದು, 1787ರಲ್ಲಿ ವಾಯವ್ಯ ಪ್ರಾಂತಕ್ಕಾಗಿ ಮಾಡಿದ್ದ ಶಾಸನದ ವಾಕ್ಯವನ್ನೇ ಆರಿಸಿಕೊಂಡಿತು. ಅದರಂತೆ ಗುಲಾಮಗಿರಿಯಾಗಲಿ ಇಚ್ಛೆಯಿಲ್ಲದ ಜೀತವಾಗಲಿ ಅಮೆರಿಕದಲ್ಲಿ ಇರತಕ್ಕದ್ದಲ್ಲ. ನ್ಯಾಯಬದ್ಧವಾಗಿ ಅಪರಾಧಿಯೆಂದು ತೀರ್ಮಾನವಾದವನಿಗೆ ಶಿಕ್ಷೆಯ ರೂಪದಲ್ಲಿ ಮಾತ್ರ ಅಪವಾದ. ಇದನ್ನು ಜಾರಿಗೊಳಿಸುವ ಶಾಸನಾಧಿಕಾರವನ್ನು ಎರಡನೆಯ ಪ್ರಕರಣವು ಕಾಂಗ್ರೆಸ್ಸಿಗೆ ಕೊಟ್ಟಿತು. ಹಳೆಯ ವಾಕ್ಯವನ್ನು ಎತ್ತಿಕೊಂಡಾಗ ಅದರ ಬಾಲದಲ್ಲಿದ್ದ ಅಪವಾದವೂ ಹೆಚ್ಚಿನ ಚರ್ಚೆಯಿಲ್ಲದೆ ಒಳಗೆ ಬಂದಿತು. ಸಮ್ನರನ ಮಾತನ್ನು ಒಪ್ಪಿದ್ದರೆ ಎಷ್ಟು ದುಃಖ ತಪ್ಪುತ್ತಿತ್ತೋ! ಆದರೆ ಸಮಾನತೆಯೆಂಬ ಮಾತನ್ನು ಸೇರಿಸಿದ್ದರೆ ತಿದ್ದುಪಡಿಯೇ ಬೀಳುತ್ತಿತ್ತೆಂಬುದೂ ಬಹುಮಟ್ಟಿಗೆ ನಿಜ. ಸಂವಿಧಾನದಲ್ಲಿ 'ಗುಲಾಮಗಿರಿ' ಎಂಬ ಮಾತು ಮೊದಲು ಕಾಣಿಸಿಕೊಂಡುದು ಈ ವಾಕ್ಯದಲ್ಲಿ, ಅದನ್ನು ಅಳಿಸುವ ಸಲುವಾಗಿ.

1864ರ ಏಪ್ರಿಲ್ 8ರಂದು ಸೆನೆಟ್ ಇದನ್ನು 38ಕ್ಕೆ 6 ಮತಗಳಿಂದ ಒಪ್ಪಿತು. ಪ್ರತಿನಿಧಿ ಸಭೆಯಲ್ಲಿ ಹಾಗಾಗಲಿಲ್ಲ. ಅಲ್ಲಿ ಡೆಮೊಕ್ರಾಟಿಕ್ ಪಕ್ಷದ ಬಲ ಹೆಚ್ಚು. ಓಹೈಯೋದ ಜಾರ್ಜ್ ಪೆಂಡಲ್‌ಟನ್ ಮುಂತಾದವರು, ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳು ಒಪ್ಪಿದರೂ ರಾಜ್ಯವೊಂದರ ಒಳವ್ಯವಸ್ಥೆಯನ್ನು ಬುಡಮೇಲು ಮಾಡುವಂತಿಲ್ಲ, ತಿದ್ದುವ ಅಧಿಕಾರಕ್ಕೇ ಮಿತಿಯುಂಟು ಎಂದು ವಾದಿಸಿದರು. ತಿದ್ದುವ ಅಧಿಕಾರದ ಮಿತಿಯ ಪ್ರಶ್ನೆ ನಮ್ಮ ದೇಶದಲ್ಲಿಯೂ ಎದ್ದಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ 1973ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ ಮೂಲರಚನೆಯನ್ನು ಕೆಡಿಸುವಂತಿಲ್ಲವೆಂದಿತು. ತರ್ಕದ ರೂಪ ಒಂದೇ ಬಗೆಯದಾದರೂ ಅದರ ಆಶ್ರಯದಲ್ಲಿ ಕಾಯಹೊರಟ ವಸ್ತು ಬೇರೆ. ಪೆಂಡಲ್‌ಟನ್ನನು ಕಾಯಹೊರಟುದು ಒಡೆಯನ ಸ್ವತ್ತನ್ನು. ಜೂನ್ 15ರ ಮತದಾನದಲ್ಲಿ ಪರವಾಗಿ 93, ವಿರುದ್ಧವಾಗಿ 65 ಮತಗಳು ಬಂದು, ಮೂರರಲ್ಲಿ ಎರಡು ಪಾಲಿಗೆ 13 ಮತ ಸಾಲದೆ ತಿದ್ದುಪಡಿ ಸೋತಿತು. ಆಶ್ಲಿಯು ತನ್ನ ಮತವನ್ನು ಉದ್ದೇಶಪೂರ್ವಕವಾಗಿ ವಿರೋಧಪಕ್ಷಕ್ಕೆ ಬದಲಾಯಿಸಿದನು. ಗೆದ್ದ ಪಕ್ಷದಲ್ಲಿ ಮತವಿತ್ತವನು ಮಾತ್ರ ಮರುಪರಿಶೀಲನೆಗೆ ಸೂಚಿಸಬಹುದೆಂಬ ನಿಯಮವಿದ್ದುದೇ ಇದಕ್ಕೆ ಕಾರಣ. ಈ ಚಿಕ್ಕ ಜಾಣತನದಿಂದ ಪ್ರಶ್ನೆ ಜೀವಂತವಾಗಿ ಉಳಿಯಿತು.

ಅದೇ ಜೂನಿನಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ್ದ ಲಿಂಕನ್ನನ ಪಕ್ಷದ ಅಧಿವೇಶನವು ಅವನ ಒತ್ತಾಯದಂತೆ ತಿದ್ದುಪಡಿಯನ್ನು ತನ್ನ ಘೋಷಿತ ಗುರಿಯನ್ನಾಗಿ ಮಾಡಿಕೊಂಡಿತ್ತು. ನವೆಂಬರ್ 1ರಂದು ಮೇರಿಲೆಂಡಿನ ಹೊಸ ಸಂವಿಧಾನವು ಗುಲಾಮಗಿರಿಯನ್ನು ರದ್ದುಮಾಡಿ ಜಾರಿಗೆ ಬಂದಿತು. ಅದನ್ನು ಜನರ ಮತಕ್ಕೆ ಹಾಕಿದಾಗ ಪರವಾಗಿ 30,174, ವಿರುದ್ಧವಾಗಿ 29,799, ಅಂತರ 375. ಯುದ್ಧಭೂಮಿಯಲ್ಲಿದ್ದ ಸೈನಿಕರ ಮತಗಳು ಬಾರದಿದ್ದರೆ ಅದು ಸೋಲುತ್ತಿತ್ತು. ನವೆಂಬರ್ 8ರಂದು ಲಿಂಕನ್ನನು ಪುನಃ ಆಯ್ಕೆಯಾದನು. ಹೊಸ ಕಾಂಗ್ರೆಸ್ಸಿನಲ್ಲಿ ಅವನ ಪಕ್ಷಕ್ಕೆ ಬೇಕಾದಷ್ಟು ಬಲವಿತ್ತು. ಆದರೂ ಅವನು ಕಾಯಲಿಲ್ಲ. ಯುದ್ಧ ಮುಗಿದ ಮೇಲೆ ರಾಜಿಯ ಮಾತು ಬಂದರೆ ಗುಲಾಮರ ಬಿಡುಗಡೆಯೇ ರಾಜಿಯ ಬೆಲೆಯಾದೀತೆಂಬ ಆತಂಕವಿತ್ತು. ಡಿಸೆಂಬರ್ 6ರ ಸಂದೇಶದಲ್ಲಿ, ಇದ್ದ ಸಭೆಯೇ ಮತ್ತೊಮ್ಮೆ ಆಲೋಚಿಸಬೇಕೆಂದು ಕೋರಿದನು.

ಆಮೇಲಿನ ಏಳೆಂಟು ವಾರಗಳು ಹೇಳಿಕೊಳ್ಳುವಂತಹ ಪವಿತ್ರವಾದ ವಾರಗಳಲ್ಲ. ವಿದೇಶಾಂಗ ಮಂತ್ರಿ ಸೀವರ್ಡನು ನೇಮಿಸಿದ ದಲ್ಲಾಳಿಗಳು ಚಂಚಲಚಿತ್ತರಾದ ಡೆಮೊಕ್ರಾಟ್ ಸದಸ್ಯರ ಬೆನ್ನುಹತ್ತಿದರು. ಚುನಾವಣೆಯಲ್ಲಿ ಸೋತು ಮನೆಗೆ ಹೊರಟಿದ್ದವರಿಗೆ ಹುದ್ದೆಗಳ ಆಸೆ ತೋರಿಸಿದರೆಂಬ ಮಾತೂ ಉಂಟು. ಲಿಂಕನ್ನನು ಕೆಲವರನ್ನು ತಾನೇ ಕರೆಸಿ ಮಾತನಾಡಿದನು. ಅವರಲ್ಲಿ ಮಿಸೌರಿಯ ಜೇಮ್ಸ್ ರಾಲಿನ್ಸ್ ಒಬ್ಬನು. ತನ್ನ ಜಿಲ್ಲೆಯ ದೊಡ್ಡ ಗುಲಾಮದಾರರಲ್ಲಿ ಒಬ್ಬನಾಗಿದ್ದು, ಜೂನಿನಲ್ಲಿ ವಿರೋಧಿಸಿದ್ದ ಈತನು ಜನವರಿ 13ರಂದು ಎದ್ದುನಿಂತು ತಿದ್ದುಪಡಿಯ ಪರವಾಗಿ ಮಾತನಾಡಿದನು. ಸದುದ್ದೇಶಕ್ಕೆ ಹುದ್ದೆಯ ಆಮಿಷ ಸಲ್ಲುವುದೆ ಎಂದು ಶುದ್ಧಾಂತಃಕರಣದ ಓದುಗನು ಕೇಳಬಹುದು. ಕಾಯಕವು ಶುದ್ಧವಾಗಬೇಕೆಂದು ನಂಬಿದವರಿಗೆ ಆ ಪ್ರಶ್ನೆ ಸಹಜವೇ. ಆದರೆ ಒಂದು ಕಡೆ ಒಂದೆರಡು ಸರಕಾರಿ ನೌಕರಿಗಳು, ಇನ್ನೊಂದು ಕಡೆ ಹುಟ್ಟಲಿರುವ ಮಕ್ಕಳೂ ಸೇರಿದಂತೆ ನಲವತ್ತು ಲಕ್ಷ ಜೀವಗಳು; ಈ ತಕ್ಕಡಿಯಲ್ಲಿ ಲಿಂಕನ್ನನನ್ನು ದೂಷಿಸುವುದು ಸುಲಭವಲ್ಲ.

ಜನವರಿ 31ರಂದು ಮತದಾನ. ಬೆಳಗ್ಗೆಯೇ ಒಂದು ಸುದ್ದಿ ಹಬ್ಬಿತು: ದಕ್ಷಿಣದ ಸಂಧಿದೂತರು ರಾಜಧಾನಿಗೆ ಬಂದಿದ್ದಾರೆ, ಶಾಂತಿಯೇ ಕೈಗೆ ಬರುತ್ತಿರುವಾಗ ತಿದ್ದುಪಡಿ ಏಕೆ ಎಂದು. ಆಶ್ಲಿ ಗಾಬರಿಯಿಂದ ಲಿಂಕನ್ನನಿಗೆ ಬರೆದನು. ತನಗೆ ತಿಳಿದಮಟ್ಟಿಗೆ ನಗರದಲ್ಲಿ ಸಂಧಿದೂತರು ಯಾರೂ ಇಲ್ಲ, ಬರುವ ಸಂಭವವೂ ಇಲ್ಲ ಎಂದು ಲಿಂಕನ್ನನು ಒಂದು ಚೀಟಿ ಕಳುಹಿದನು. ದೂತರು ಹೊರಟದ್ದು ನಿಜ. ಅವರು ಹೋಗುತ್ತಿದ್ದುದು ಮನ್ರೋ ಕೋಟೆಗೆ, ವಾಷಿಂಗ್ಟನ್ನಿಗಲ್ಲ. ಅಕ್ಷರಶಃ ಸತ್ಯವಾದ ಈ ಮಾತು ಪೂರ್ಣಸತ್ಯವಾಗಿರಲಿಲ್ಲ. ಪರವಾಗಿ 119, ವಿರುದ್ಧವಾಗಿ 56. ಎಂಟು ಮಂದಿ ಡೆಮೊಕ್ರಾಟರು ಮತ ಹಾಕಲಿಲ್ಲ. ಬೇಕಾದುದಕ್ಕಿಂತ ಎರಡೇ ಮತ ಹೆಚ್ಚು. ಸದಸ್ಯರು ಮೇಜುಗಳ ಮೇಲೆ ಹತ್ತಿ ಕೂಗಿದರು. ಮೇಲಿನ ಸಾಲುಗಳಲ್ಲಿ ಕುಳಿತಿದ್ದ ಕಪ್ಪು ಜನರು ಅತ್ತರು. ಅವರಲ್ಲಿ ಡಗ್ಲಾಸನ ಮಗ ಚಾರ್ಲ್ಸನೂ ಇದ್ದನು. ಫೆಬ್ರವರಿ 12ರಂದು ಅದೇ ಸಭಾಭವನದಲ್ಲಿ ಹೆನ್ರಿ ಹೈಲೆಂಡ್ ಗಾರ್ನೆಟ್ ಎಂಬ ಪಾದ್ರಿ ಧರ್ಮೋಪದೇಶ ಮಾಡಿದನು. ಗುಲಾಮನಾಗಿ ಹುಟ್ಟಿ ಬಾಲ್ಯದಲ್ಲಿ ತಂದೆತಾಯಿಗಳೊಡನೆ ಓಡಿಬಂದಿದ್ದ ಈತನು ಆ ಪೀಠದಿಂದ ಮಾತನಾಡಿದ ಮೊದಲ ಕಪ್ಪು ಮನುಷ್ಯ.

ರಾಜ್ಯಗಳ ಅನುಮೋದನೆ ಉಳಿದಿತ್ತು. ಆಗ ರಾಜ್ಯಗಳು 36, ಬೇಕಾದುವು 27. ಫೆಬ್ರವರಿ 1ರಂದೇ ಲಿಂಕನ್ನನ ತವರಾದ ಇಲಿನಾಯ್ಸ್ ಮೊದಲು ಒಪ್ಪಿತು. ಡೆಲವೇರ್, ಕೆಂಟಕಿ, ನ್ಯೂಜರ್ಸಿಗಳು ನಿರಾಕರಿಸಿದುವು. ಏಪ್ರಿಲ್ 14ರ ರಾತ್ರಿ ಗುಂಡೇಟು ತಗುಲಿ ಮರುದಿನ ಅಸುನೀಗಿದ ಲಿಂಕನ್ನನು ಮುಗಿತಾಯವನ್ನು ಕಾಣಲಿಲ್ಲ. ಅವನ ಉತ್ತರಾಧಿಕಾರಿ ಆಂಡ್ರೂ ಜಾನ್ಸನ್ನನು ಸೋತ ದಕ್ಷಿಣ ರಾಜ್ಯಗಳಿಗೆ ತಿದ್ದುಪಡಿಯನ್ನು ಒಪ್ಪಿಕೊಳ್ಳುವಂತೆ ಒತ್ತಾಯಿಸಿದನು. ಸೌತ್ ಕೆರೊಲಿನಾ ಒಪ್ಪಿತಾದರೂ, ಬಿಡುಗಡೆಯಾದವರ ರಾಜಕೀಯ ಸ್ಥಾನಮಾನದ ಬಗೆಗೆ ಕಾಂಗ್ರೆಸ್ಸು ಶಾಸನ ಮಾಡಲಾಗದೆಂಬ ತನ್ನ ವ್ಯಾಖ್ಯಾನವನ್ನೂ ಜೊತೆಗೆ ಸೇರಿಸಿತು. ಡಿಸೆಂಬರ್ 6ರಂದು ಜಾರ್ಜಿಯಾ 27ನೆಯದಾಯಿತು. 18ರಂದು ಸೀವರ್ಡನು ತಿದ್ದುಪಡಿ ಜಾರಿಗೆ ಬಂದಿತೆಂದು ಪ್ರಕಟಿಸಿದನು. ಆ ಇಪ್ಪತ್ತೇಳರಲ್ಲಿ ಎಂಟು, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಂಗೆಯೆದ್ದಿದ್ದ ರಾಜ್ಯಗಳೇ. ಕೆಂಟಕಿ ಮತ್ತು ಡೆಲವೇರ್‌ಗಳಲ್ಲಿ ಉಳಿದಿದ್ದ ಗುಲಾಮರಿಗೆ ಬಿಡುಗಡೆ ಬಂದುದು ಅಂದು. ಗ್ಯಾರಿಸನ್ನನು ಡಿಸೆಂಬರ್ 29ರಂದು 'ಲಿಬರೇಟರ್' ಪತ್ರಿಕೆಯ ಕೊನೆಯ ಸಂಚಿಕೆಯನ್ನು ಹೊರತಂದನು. ಸಂವಿಧಾನವನ್ನು ಸುಟ್ಟಿದ್ದ ಅವನು, ಸಂವಿಧಾನದಿಂದಲೇ ತನ್ನ ಕೆಲಸ ಮುಗಿಯಿತೆಂದು ಭಾವಿಸಿದನು.

ಡಗ್ಲಾಸನು ಹಾಗೆ ಭಾವಿಸಲಿಲ್ಲ. ಕಪ್ಪು ಮನುಷ್ಯನಿಗೆ ಮತದ ಹಕ್ಕು ಬರುವತನಕ ಗುಲಾಮಗಿರಿ ಅಳಿದಂತಲ್ಲವೆಂದನು. ಅವನ ಮಾತು ನಿಜವಾಯಿತು. 1865ರ ನವೆಂಬರಿನಲ್ಲಿಯೇ ಮಿಸಿಸಿಪ್ಪಿ ರಾಜ್ಯವು, ಕೆಲಸದ ಕರಾರಿಲ್ಲದ ಕಪ್ಪು ಮನುಷ್ಯನನ್ನು ಅಲೆಮಾರಿಯೆಂದು ಹಿಡಿದು ದಂಡ ವಿಧಿಸಿ, ದಂಡ ತೆರಲಾರದವನನ್ನು ದಂಡ ಕಟ್ಟಿದವನಿಗೆ ದುಡಿಯಲು ಒಪ್ಪಿಸುವ ಕಾಯಿದೆಗಳನ್ನು ಮಾಡಿತು. 'ಶಿಕ್ಷೆಯ ರೂಪದಲ್ಲಿ ಮಾತ್ರ' ಎಂಬ ಅಪವಾದದ ಬಿರುಕಿನಲ್ಲಿ ಹಳೆಯ ವ್ಯವಸ್ಥೆ ನುಸುಳಿತು. ಸೆರೆಯಾಳುಗಳನ್ನು ಗಣಿಗಳಿಗೂ ರೈಲುದಾರಿಗಳಿಗೂ ತೋಟಗಳಿಗೂ ಗುತ್ತಿಗೆ ಕೊಡುವ ಪದ್ಧತಿ ಅಲಬಾಮದಲ್ಲಿ 1928ರವರೆಗೂ ನಡೆಯಿತು. ಮತ್ತೊಂದು ತೊಡಕೂ ಇತ್ತು. ಗುಲಾಮಗಿರಿ ಅಳಿದೊಡನೆ ಐದರಲ್ಲಿ ಮೂರು ಪಾಲಿನ ಲೆಕ್ಕವೂ ಅಳಿಯಿತು. ಬಿಡುಗಡೆಯಾದವರೆಲ್ಲ ಪೂರ್ಣವಾಗಿ ಎಣಿಕೆಗೆ ಬಂದು, ಅವರಿಗೆ ಮತವಿಲ್ಲದಿದ್ದರೂ ಅವರ ಹಳೆಯ ಒಡೆಯರಿಗೆ ಕಾಂಗ್ರೆಸ್ಸಿನಲ್ಲಿ ಹೆಚ್ಚು ಸ್ಥಾನಗಳು ದೊರೆಯುವಂತಾಯಿತು. ಪೌರತ್ವವನ್ನು ಕೊಟ್ಟ 1868ರ ಹದಿನಾಲ್ಕನೆಯ ತಿದ್ದುಪಡಿಗೂ, ಜನಾಂಗದ ಕಾರಣದಿಂದ ಮತವನ್ನು ನಿರಾಕರಿಸಬಾರದೆಂದ 1870ರ ಹದಿನೈದನೆಯ ತಿದ್ದುಪಡಿಗೂ ಈ ವಿಪರ್ಯಾಸವು ಒಂದು ಪ್ರೇರಣೆ.

ಈ ಹೋರಾಟದ ವಾರ್ತೆ ಭಾರತಕ್ಕೂ ಮುಟ್ಟಿತು. ಪುಣೆಯ ಜ್ಯೋತಿರಾವ್ ಫುಲೆ ಅವರು 1873ರಲ್ಲಿ ಪ್ರಕಟಿಸಿದ 'ಗುಲಾಮಗಿರಿ' ಎಂಬ ಮರಾಠಿ ಗ್ರಂಥವನ್ನು, ಕಪ್ಪು ಜನರನ್ನು ದಾಸ್ಯದಿಂದ ಬಿಡಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಭಾರತದ ಸಂವಿಧಾನದ 23ನೆಯ ವಿಧಿಯು ಮಾನವರ ಮಾರಾಟವನ್ನೂ ಬಿಟ್ಟಿ ಚಾಕರಿಯನ್ನೂ ನಿಷೇಧಿಸಿದೆ. ಜೀತವನ್ನು ಕಿತ್ತೊಗೆಯುವ ಕೇಂದ್ರ ಶಾಸನ ಬಂದುದು 1976ರಲ್ಲಿ. ಕೆಂಟಕಿ ರಾಜ್ಯವು ಹದಿಮೂರನೆಯ ತಿದ್ದುಪಡಿಗೆ ತನ್ನ ಒಪ್ಪಿಗೆಯನ್ನು ಕೊಟ್ಟುದೂ ಅದೇ ವರ್ಷ. ಮಿಸಿಸಿಪ್ಪಿಯ ಶಾಸನಸಭೆ 1995ರಲ್ಲಿ ಒಪ್ಪಿತು; ಆದರೆ ಅದರ ಕಾಗದಪತ್ರ ಸರಿಯಾದ ಕಚೇರಿಗೆ ಮುಟ್ಟಿ ದಾಖಲಾದುದು 2013ರಲ್ಲಿ.

ಅಪವಾದದ ವಾಕ್ಯ ಅಮೆರಿಕದ ಸಂವಿಧಾನದಲ್ಲಿ ಇನ್ನೂ ಉಳಿದಿದೆ. ಅಂತಹುದೇ ವಾಕ್ಯವನ್ನು ತಮ್ಮ ತಮ್ಮ ಸಂವಿಧಾನಗಳಿಂದ ತೆಗೆಯಲು ಕೆಲವು ರಾಜ್ಯಗಳು ಮುಂದಾದುವು: ಕೊಲರಾಡೊ 2018ರಲ್ಲಿ, ನೆಬ್ರಾಸ್ಕ ಮತ್ತು ಯೂಟಾ 2020ರಲ್ಲಿ, ಅಲಬಾಮ, ಟೆನೆಸ್ಸಿ ಮೊದಲಾದುವು 2022ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ, ಸೆರೆಯಾಳುಗಳಿಂದ ಬಲವಂತದ ದುಡಿಮೆ ಮಾಡಿಸಕೂಡದೆಂಬ ಸೂಚನೆಯನ್ನು 2024ರ ನವೆಂಬರಿನಲ್ಲಿ ಮತದಾರರ ಮುಂದಿಟ್ಟಾಗ ಅವರಲ್ಲಿ ಹೆಚ್ಚು ಮಂದಿ ಅದನ್ನು ತಿರಸ್ಕರಿಸಿದರು.